ತೆರೆ ಎಬ್ಬಿಸುವ ತೊಟ್ಟಿಗೂ ಅಂಕ ಇರಲಿ

ಬೋಧನಾಭ್ಯಾಸದ ಅವಲೋಕನ ನಮೂನೆಯಲ್ಲಿ ‘ಬೋಧನೋಪಕರಣಗಳ ಬಳಕೆ’ ಎಂಬ ಒಂದು ಸಾಲು ಇರುತ್ತದೆ. ಆ ಒಂದು ಸಾಲಿಗಾಗಿ ನಾವು ಪ್ರಶಿಕ್ಷಣಾರ್ಥಿಗಳು ಪಡುವ ಪಾಡು ಈ ಪತ್ರಿಕೆಯ ಓದುಗರಿಗೆ ಗೊತ್ತಿರುವುದೇ. ಥರ್ಮಾಕೋಲು, ಚಮಕಿ ಕಾಗದ, ಫ್ಲೆಕ್ಸಿನಲ್ಲಿ ಮುದ್ರಿಸಿ ತಂದ ಚಾರ್ಟು. ಒಂಬತ್ತನೆಯ ತರಗತಿಯ ‘ಶಬ್ದ’ ಪಾಠ ಬಂದಾಗಲೂ ಇದೇ ಕಥೆ: ನೀಲಿ ಬಣ್ಣ ಬಳಿದ ಥರ್ಮಾಕೋಲಿನ ಏರಿಳಿತ, ಮೇಲೊಂದು ‘ಉಬ್ಬು’, ಕೆಳಗೊಂದು ‘ತಗ್ಗು’ ಎಂಬ ಚೀಟಿ. ಅಂದವಾಗಿರುತ್ತದೆ. ಆದರೆ ಅಲುಗಾಡುವುದಿಲ್ಲ. ಅಲುಗಾಡದ ಅಲೆಯಿಂದ ಮಗು ಅಲೆಯ ಆಕಾರವನ್ನು ಕಲಿಯಬಹುದೇ ಹೊರತು ಅಲೆಯನ್ನಲ್ಲ ಎಂಬುದು ನನ್ನ ವಾದ. ಅದರ ಬದಲಿಗೆ ನಾನು ಸೂಚಿಸುವ ಉಪಕರಣ ಸ್ವಲ್ಪ ವಿಚಿತ್ರದ್ದು: ಉಪ್ಪುನೀರಿನ ಮೀನುತೊಟ್ಟಿ ಸಾಕುವವರು ಬಳಸುವ ವೇವ್ ಮೇಕರ್, ಅಂದರೆ ತೆರೆ ಎಬ್ಬಿಸುವ ಸಾಧನ. ಅದನ್ನು ಅಂಗಡಿಯಿಂದ ತರಬೇಕಿಲ್ಲ, ನಾವೇ ಕೈಯಾರೆ ಕಟ್ಟಬಹುದು.

ಮೀನುತೊಟ್ಟಿಗೆ ತೆರೆ ಯಾಕೆ ಎಂದು ಮೊದಲು ಹೇಳಬೇಕು. ಸಮುದ್ರದ ಬಂಡೆಗಳ ಮೇಲೆ ಬದುಕುವ ಹವಳ, ಕಡಲಹೂವುಗಳಂಥ ಪ್ರಾಣಿಗಳು ಒಂದೇ ಜಾಗಕ್ಕೆ ಅಂಟಿಕೊಂಡು ಬದುಕುತ್ತವೆ. ಅವು ಆಹಾರದ ಹತ್ತಿರ ಹೋಗಲಾರವು, ಆಹಾರವೇ ಅವುಗಳ ಹತ್ತಿರ ಬರಬೇಕು. ಮೈಮೇಲಿನ ಹೊಲಸನ್ನು ನೀರೇ ತೊಳೆದುಕೊಂಡು ಹೋಗಬೇಕು. ಮೇಲ್ಮೈ ಕಲಕಿದರೆ ಗಾಳಿಯ ಆಕ್ಸಿಜನ್ ನೀರಿಗೆ ಬೇಗ ಸೇರುತ್ತದೆ. ನಿಂತ ನೀರಿನಲ್ಲಿ ಇದ್ಯಾವುದೂ ಸರಿಯಾಗಿ ಆಗುವುದಿಲ್ಲ. ಆದ್ದರಿಂದ ಹವ್ಯಾಸಿಗಳು ತೊಟ್ಟಿಯೊಳಗೇ ಕಡಲಿನ ಚಲನೆಯನ್ನು ಮಾಡಿಕೊಳ್ಳುತ್ತಾರೆ. ಹವಾಯಿಯ ವೈಕೀಕಿ ಅಕ್ವೇರಿಯಂನ ಬ್ರೂಸ್ ಕಾರ್ಲ್‌ಸನ್ ಅವರ ಹೆಸರಿನಲ್ಲಿ ಒಂದು ಬಗೆ ಪ್ರಸಿದ್ಧವಾಗಿದೆ. ಮೇಲೆ ಒಂದು ಬಕೆಟ್, ಅದಕ್ಕೆ ನಿಧಾನವಾಗಿ ನೀರು ತುಂಬುವ ಪಂಪು, ಒಳಗೆ ಬಾಗಿದ ಪೈಪು. ಬಕೆಟ್ ತುಂಬಿ ನೀರು ಪೈಪಿನ ಬಾಗು ದಾಟಿತೋ, ಅಷ್ಟೂ ನೀರು ಒಮ್ಮೆಲೇ ಸೈಫನ್ ಆಗಿ ತೊಟ್ಟಿಗೆ ನುಗ್ಗುತ್ತದೆ. ಬಕೆಟ್ ಖಾಲಿಯಾಗಿ ಪೈಪಿನ ಬಾಯಿಗೆ ಗಾಳಿ ಹೊಕ್ಕರೆ ನಿಲ್ಲುತ್ತದೆ, ಮತ್ತೆ ತುಂಬತೊಡಗುತ್ತದೆ.

ಇದು ನಮಗೆ ಪರಿಚಯವಿಲ್ಲದ ತತ್ವವೇನಲ್ಲ. ವಿಜ್ಞಾನ ಪ್ರದರ್ಶನಗಳಲ್ಲಿ ಇಡುವ ವಾಸುದೇವ ಬಟ್ಟಲು ಇದೇ. ನೀರು ಏರಿ ಕೂಸು ಕೃಷ್ಣನ ಪಾದ ಮುಟ್ಟಿದ ಕೂಡಲೇ ಬಟ್ಟಲು ತನ್ನಷ್ಟಕ್ಕೆ ಬರಿದಾಗುತ್ತದೆ.

‘ಚಿಕ್ಕೋಡಿಗೂ ಕಡಲಿಗೂ ಏನು ಸಂಬಂಧ?’ ಎಂದು ಸಹಪಾಠಿಗಳು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳ ಮಕ್ಕಳಲ್ಲಿ ಬಹಳ ಜನ ಕಡಲನ್ನು ಕಂಡವರಲ್ಲ, ಅದಕ್ಕೆ ಘಟ್ಟ ಇಳಿದು ಗೋವಾ ಕಡೆಗೋ ಕೊಂಕಣದ ಕಡೆಗೋ ಹೋಗಬೇಕು. ಆದರೆ ನೀರನ್ನು ಕಂಡವರು. ಕೃಷ್ಣೆ, ದೂಧಗಂಗಾ, ವೇದಗಂಗಾ ಹರಿಯುವ ನೆಲ ಇದು. ಮಳೆಗಾಲದಲ್ಲಿ ಕಲ್ಲೋಳ–ಯಡೂರು ಸೇತುವೆ ಮುಳುಗಿದರೆ ಊರಿಗೆ ಸುತ್ತುಹಾಕಿ ಹೋಗಬೇಕೆಂದು ಅವರಿಗೆ ಗೊತ್ತು. 2019ರ ಆಗಸ್ಟ್ ಮಹಾಪೂರದಲ್ಲಿ ದನಕರು, ಸಾಮಾನು ಕಟ್ಟಿಕೊಂಡು ಮನೆ ಬಿಟ್ಟ ಕುಟುಂಬಗಳ ಮಕ್ಕಳು ನಮ್ಮ ತರಗತಿಗಳಲ್ಲಿ ಕೂತಿದ್ದಾರೆ. ಅವರ ಅನುಭವದಲ್ಲಿ ನೀರು ಎಂದರೆ ಹರಿಯುವುದು, ಹೊತ್ತುಕೊಂಡು ಹೋಗುವುದು.

ತೊಡಕು ಇಲ್ಲೇ ಇದೆ. ‘ತರಂಗದಲ್ಲಿ ಮಾಧ್ಯಮದ ಕಣಗಳು ಮುಂದೆ ಸಾಗುವುದಿಲ್ಲ, ಕ್ಷೋಭೆ ಮಾತ್ರ ಸಾಗುತ್ತದೆ’ ಎಂಬ ವಾಕ್ಯವನ್ನು ನದಿ ದಂಡೆಯ ಮಗು ಬಾಯಿಪಾಠ ಮಾಡಿ ಬರೆಯುತ್ತದೆ, ಆದರೆ ನಂಬುವುದಿಲ್ಲ. ನಾನು ಪಾಠ ಮಾಡಿದ ಶಾಲೆಯಲ್ಲಿ ಒಬ್ಬ ಹುಡುಗ ನೇರವಾಗಿಯೇ ಕೇಳಿದ: ‘ತೆರಿ ಮುಂದ ಹೋದ್ರ ನೀರೂ ಹೋಗಬೇಕಲ್ರಿ ಟೀಚರ್, ಇಲ್ಲಂದ್ರ ಹೊಳಿ ಹೆಂಗ ಹರಿತೈತ್ರಿ?’ ಅವನು ದಡ್ಡನಲ್ಲ. ಅವನು ಕಂಡದ್ದು ಹರಿವನ್ನು, ನಾವು ಹೇಳುತ್ತಿರುವುದು ತರಂಗವನ್ನು. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸದೆ ಬೇರ್ಪಡಿಸುವುದು ಕಷ್ಟ.

ವೇವ್ ಮೇಕರ್ ಎಂಬ ಹೆಸರೇ ಈ ಗೊಂದಲವನ್ನು ಹೊತ್ತುಕೊಂಡಿದೆ ಎಂಬುದು ನನಗೆ ಇದರಲ್ಲಿ ಹಿಡಿಸಿದ ಸಂಗತಿ. ಮೇಲೆ ಹೇಳಿದ ಸೈಫನ್ ಬಕೆಟ್ ಮುಖ್ಯವಾಗಿ ಮಾಡುವುದು ತರಂಗವನ್ನಲ್ಲ, ನುಗ್ಗುವ ಹರಿವನ್ನು. ಹಲಗೆಯೊಂದನ್ನು ತೊಟ್ಟಿಯ ಒಂದು ತುದಿಯಲ್ಲಿ ಹಿಂದೆ ಮುಂದೆ ಆಡಿಸುವ ಸಾಧನ ಮಾಡುವುದು ನಿಜವಾದ ತರಂಗ. ಒಂದೇ ತೊಟ್ಟಿ, ಎರಡು ಸಾಧನ, ಎರಡರ ಮುಂದೆಯೂ ಒಂದೊಂದು ಜೋಳದ ದಂಟಿನ ಬೆಂಡು. ಪಾಠ ಅಲ್ಲೇ ಇದೆ.

ಕಟ್ಟಿದ ಬಗೆಯನ್ನು ಹೇಳುತ್ತೇನೆ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ಹಳೆಯ ಗಾಜಿನ ಮೀನುತೊಟ್ಟಿ. 22 ಸೆಂಟಿಮೀಟರ್ ಎತ್ತರಕ್ಕೆ ಸುಮಾರು 40 ಲೀಟರ್ ನೀರು ಹಿಡಿಯುತ್ತದೆ. ಹಲಗೆಗೆ ಪರೀಕ್ಷೆಗೆ ಒಯ್ಯುವ ಪ್ಲಾಸ್ಟಿಕ್ ರೈಟಿಂಗ್ ಪ್ಯಾಡನ್ನು ತೊಟ್ಟಿಯ ಅಗಲಕ್ಕೆ ಕತ್ತರಿಸಿ, ಅಡ್ಡ ಕೋಲಿಗೆ ಕಟ್ಟಿ ಇಳಿಬಿಟ್ಟರೆ ಆಯಿತು. ಸೈಫನ್ನಿಗೆ ಐದು ಲೀಟರಿನ ಬಕೆಟ್, ಅರ್ಧ ಇಂಚಿನ ಪಿವಿಸಿ ಪೈಪು, ಎರಡು ಎಲ್ಬೋ, ಒಂದು ಟ್ಯಾಂಕ್ ಕನೆಕ್ಟರ್. ಕಬ್ಬಿನ ಸೀಮೆಯಲ್ಲಿ ಇವಕ್ಕೆ ಅಲೆಯಬೇಕಿಲ್ಲ, ಡ್ರಿಪ್ ಸಾಮಾನು ಮಾರುವ ಯಾವ ಅಂಗಡಿಯಲ್ಲೂ ಸಿಗುತ್ತವೆ. ಬಕೆಟ್ಟಿನ ತಳಕ್ಕೆ ತೂತು ಕೊರೆದು ಕನೆಕ್ಟರ್ ಕೂರಿಸಿ, ಒಳಗೆ ಪೈಪನ್ನು ತಲೆಕೆಳಗಾದ ‘ಯು’ ಆಕಾರದಲ್ಲಿ ಜೋಡಿಸಬೇಕು. ಒಂದು ಕಾಲು ಬಕೆಟ್ಟಿನ ತಳದ ಹತ್ತಿರ ಬಾಯಿ ತೆರೆದಿರಲಿ, ಇನ್ನೊಂದು ಕಾಲು ತೂತಿನ ಮೂಲಕ ಕೆಳಗಿನ ತೊಟ್ಟಿಗೆ ಇಳಿಯಲಿ. ಬಕೆಟ್ ತೊಟ್ಟಿಗಿಂತ ಮೇಲೆ, ಸ್ಟೂಲಿನ ಮೇಲೆ ಇರಬೇಕು.

ಇದರಲ್ಲಿ ಒಂದು ಹಟಮಾರಿ ಗುಣವಿದೆ. ನೀರು ತೀರ ನಿಧಾನ ಬಂದರೆ ಸೈಫನ್ ಹತ್ತುವುದಿಲ್ಲ. ಬಾಗಿನ ಮೇಲಿಂದ ನೀರು ಸಣ್ಣಗೆ ಸೋರುತ್ತಾ ಇರುತ್ತದೆ, ಪೈಪು ಪೂರ್ತಿ ತುಂಬುವುದೇ ಇಲ್ಲ. ತೀರ ಜೋರಾಗಿ ಬಂದರೆ ಸೈಫನ್ ಮುರಿಯುವುದಿಲ್ಲ, ಬಂದದ್ದೆಲ್ಲ ಹಾಗೇ ಹರಿದುಹೋಗುತ್ತದೆ. ಇದಕ್ಕೆ ಮಕ್ಕಳು ಹುಡುಕಿದ ಉಪಾಯ ಸರಳ: ನೀರು ಬಾಗಿನ ಮಟ್ಟಕ್ಕೆ ಬಂದಾಗ ಒಂದು ತಂಬಿಗೆ ನೀರನ್ನು ಗಬಕ್ಕನೆ ಸುರಿಯುವುದು. ಬ್ಯಾರಲ್ಲಿನಿಂದ ಪೈಪು ಹಾಕಿ ಡೀಸೆಲ್ ಇಳಿಸುವುದನ್ನು ನೋಡಿದವರಿಗೆ ‘ಪೈಪ್ ತುಂಬಬೇಕು’ ಎಂಬುದು ಹೇಳಿಕೊಡದೆಯೇ ತಿಳಿದಿತ್ತು.

ಹಲಗೆಗೆ ಮೋಟಾರು ಹಚ್ಚಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಗಾಡಿಯ ವೈಪರ್ ಮೋಟಾರು ಹಚ್ಚಿದರೆ ನೋಡಲು ಭರ್ಜರಿ, ವೀಕ್ಷಕರಿಗೂ ಹಿಡಿಸೀತು, ಆದರೆ ಕೈಯಿಂದ ಆಡಿಸಿದಾಗ ಸಿಗುವುದು ಮೋಟಾರಿನಲ್ಲಿ ಸಿಗುವುದಿಲ್ಲ. ಈ ಅಳತೆಯ ತೊಟ್ಟಿಯಲ್ಲಿ ನೀರು ಒಂದು ತುದಿಯಿಂದ ಇನ್ನೊಂದಕ್ಕೆ ತೂಗಿ ಮರಳಲು ಹಿಡಿಯುವ ಕಾಲ ಸುಮಾರು ಒಂದು ಸೆಕೆಂಡು. ಆ ಲಯಕ್ಕೆ ಸರಿಯಾಗಿ ಹಲಗೆಯನ್ನು ಮೆಲ್ಲಗೆ ನೂಕಿದರೂ ಸಾಕು, ಹತ್ತು ನೂಕಿಗೆ ನೀರು ಅಂಚು ದಾಟಿ ಹೊರಗೆ ಚೆಲ್ಲುತ್ತದೆ. ಲಯ ತಪ್ಪಿಸಿ ಎಷ್ಟೇ ಜೋರಾಗಿ ನೂಕಿದರೂ ನೀರು ಬರೀ ಕಲಕುತ್ತದೆ. ಪಂಚಮಿಯ ಜೋಕಾಲಿ ಜೀಕಿದ ಮಕ್ಕಳಿಗೆ ಇದರ ಅರ್ಥ ತೋಳಿನಲ್ಲೇ ಇದೆ. ‘ಅನುರಣನ’ ಎಂಬ ಪದವನ್ನು ಆಮೇಲೆ ಹೇಳಿದರೂ ನಡೆಯುತ್ತದೆ.

ತರಗತಿಯಲ್ಲಿ ಮೊದಲು ಹಲಗೆ ಆಡಿಸಿದೆವು. ಒಂದೊಂದೇ ತೆರೆ ಬೆಂಡಿನ ಕೆಳಗೆ ಹಾದುಹೋಯಿತು. ಬೆಂಡು ಮೇಲೆದ್ದು, ಸ್ವಲ್ಪ ಮುಂದೆ ಬಾಗಿ, ಇಳಿದು, ಹಿಂದೆ ಸರಿದು, ಹೆಚ್ಚುಕಡಿಮೆ ಇದ್ದಲ್ಲೇ ನಿಂತಿತು. (ನೀರಿನ ಮೇಲ್ಮೈ ಅಲೆಯನ್ನು ನಾವು ಸಲೀಸಾಗಿ ‘ಅಡ್ಡ ತರಂಗ’ ಎಂದುಬಿಡುತ್ತೇವೆ. ಬೆಂಡನ್ನು ಗಮನಿಸಿದರೆ ಅದು ಸುತ್ತುತ್ತದೆ, ಅಡ್ಡವೂ ಉದ್ದವೂ ಕೂಡಿದ ಚಲನೆ ಅದು. ಇದನ್ನು ತೋರಿಸದೆ ಹೇಳಿದರೆ ತಲೆಬೇನೆ, ತೋರಿಸಿದರೆ ಮಾತೇ ಬೇಡ.) ಆಮೇಲೆ ಬಕೆಟ್ಟಿನ ಸೈಫನ್ ಹತ್ತಿಸಿದೆವು. ಬೆಂಡು ಸುಯ್ಯನೆ ಆಚೆ ತುದಿಗೆ ಹೋಗಿ ಗಾಜಿಗೆ ಬಡಿಯಿತು. ‘ಇದು ಹೊಳಿ, ಅದು ತೆರಿ’ ಎಂದು ಮೊದಲು ಹೇಳಿದವನು ಪ್ರಶ್ನೆ ಕೇಳಿದ ಆ ಹುಡುಗನೇ. ಹಿಂದಿನ ಬೆಂಚಿನಿಂದ ಮನೆಯಲ್ಲಿ ಮರಾಠಿ ಆಡುವ ಹುಡುಗಿ ‘ಲಾಟ’ ಎಂದಳು. ಕರಿಹಲಗೆಯ ಮೇಲೆ ತರಂಗ, ಅಲೆ, ತೆರೆ, ಲಾಟ ನಾಲ್ಕೂ ಬಂದವು. ನಿಪ್ಪಾಣಿ, ಕಾಗವಾಡ ಕಡೆಯ ಶಾಲೆಗಳಿಗೆ ಹೋಗುವ ಗೆಳೆಯರು ಇದನ್ನು ಗಮನದಲ್ಲಿಡಬೇಕು.

ಇಷ್ಟಾದ ಮೇಲೆ ಉಪ್ಪು ಬೇಕೇ? ತರಂಗದ ಪಾಠಕ್ಕೆ ಬೇಡವೇ ಬೇಡ. ಕಡಲಿನ ಮಾತು ಎತ್ತುವುದಾದರೆ ಬೇಕು. ಸಮುದ್ರದ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಲವಣ ಇರುತ್ತದೆ, ನಮ್ಮ 40 ಲೀಟರಿಗೆ 1.4 ಕಿಲೋ ಕಲ್ಲುಪ್ಪು. ಅಷ್ಟು ಉಪ್ಪನ್ನು ಕಣ್ಣಾರೆ ಸುರಿದಾಗ ಮಕ್ಕಳ ಮುಖ ನೋಡಬೇಕು. ಆದರೆ ಅಡುಗೆಯ ಉಪ್ಪು ಕರಗಿಸಿದರೆ ಕಡಲಾಗುವುದಿಲ್ಲ. ಕಡಲಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಎಲ್ಲವೂ ಇವೆ, ಅದಕ್ಕೇ ಹವ್ಯಾಸಿಗಳು ಬೇರೆಯೇ ಮಿಶ್ರಣ ಕೊಳ್ಳುತ್ತಾರೆ.

ಉಪ್ಪು ಹಾಕಿದ ಮೇಲೆ ಒಂದು ನಿಯಮ ಕಡ್ಡಾಯ. ಉಪ್ಪುನೀರು ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಕೂಲರಿನ 230 ವೋಲ್ಟ್ ಪಂಪನ್ನು ಮಕ್ಕಳು ಕೈಹಾಕುವ ತೊಟ್ಟಿಯಲ್ಲಿ ಇಳಿಬಿಡಬಾರದು, ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಸರಿ. ಬ್ಯಾಟರಿಯಿಂದ ನಡೆಯುವ 12 ವೋಲ್ಟಿನ ಚಿಕ್ಕ ಪಂಪು ಸಾಕು. ಅದೂ ಇಲ್ಲದಿದ್ದರೆ ಸರದಿಯ ಮೇಲೆ ತಂಬಿಗೆಯಲ್ಲಿ ಎತ್ತಿಹಾಕಲಿ. ಕರೆಂಟು ಹೋದರೂ ಪಾಠ ನಿಲ್ಲುವುದಿಲ್ಲ.

ಇನ್ನು ಮೀನು. ‘ನಾಲ್ಕು ಮೀನು ಬಿಟ್ಟರೆ ಪಾಠಕ್ಕೆ ಕಳೆ ಬರುತ್ತದೆ’ ಎಂಬ ಸಲಹೆ ಸಹಪಾಠಿಗಳಿಂದ ಬಂದಿತ್ತು. ನಾನು ಒಪ್ಪಲಿಲ್ಲ. ಬೋಧನಾಭ್ಯಾಸ ಮುಗಿಸಿ ನಾವು ಹೊರಟ ಮೇಲೆ, ಭಾನುವಾರ, ದಸರಾ ರಜೆಯಲ್ಲಿ ಅವುಗಳಿಗೆ ಯಾರು ಗತಿ? ಹವಳ, ಕಡಲಕುದುರೆಗಳಂತೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಪಡೆದ ಜೀವಿಗಳು, ಶಾಲೆಯ ತೊಟ್ಟಿಗೆ ತರುವ ಮಾತೇ ಇಲ್ಲ. ಬೆಂಡಿಗೆ ಹಸಿವಾಗುವುದಿಲ್ಲ, ಅದು ಸಾಕು.

ಈ ಪಾಠವನ್ನು ವೀಕ್ಷಿಸಿದವರೊಬ್ಬರು ‘ನೆಲ ಒದ್ದೆಯಾಗಿದೆ, ತರಗತಿ ನಿಯಂತ್ರಣ ಸಾಲದು, ಉಪಕರಣ ಆಕರ್ಷಕವಾಗಿಲ್ಲ’ ಎಂದು ಬರೆದರು. ಮೂರೂ ನಿಜ. ನೆಲ ಒದ್ದೆಯಾಗಿತ್ತು, ಮಕ್ಕಳು ಬೆಂಚು ಬಿಟ್ಟೆದ್ದು ತೊಟ್ಟಿಯ ಸುತ್ತ ನಿಂತಿದ್ದರು, ಬಕೆಟ್ಟಿಗೆ ಬಣ್ಣ ಹಚ್ಚಿರಲಿಲ್ಲ. ನನ್ನ ತಕರಾರು ಆ ಟಿಪ್ಪಣಿಯ ಮೇಲಲ್ಲ, ಅದನ್ನು ಬರೆಸುವ ನಮೂನೆಯ ಮೇಲೆ. ಉಪಕರಣ ಅಂದವಾಗಿದೆಯೇ ಎಂದು ಕೇಳಲು ಜಾಗವಿದೆ. ಉಪಕರಣವನ್ನು ಮಕ್ಕಳು ಮುಟ್ಟಿದರೇ, ಅದು ಅವರ ಯಾವ ತಪ್ಪು ಕಲ್ಪನೆಯನ್ನು ಅಲುಗಿಸಿತು ಎಂದು ಕೇಳಲು ಜಾಗವಿಲ್ಲ. ರಚನಾವಾದದ ಮೇಲೆ ಹತ್ತು ಅಂಕದ ಉತ್ತರ ಬರೆಸುವ ನಾವು, ಪಾಠದ ಮನೆಯಲ್ಲಿ ಮಾತ್ರ ಚಮಕಿ ಕಾಗದಕ್ಕೆ ಅಂಕ ಕೊಡುತ್ತಿದ್ದೇವೆ. ಅಂತಿಮ ಪಾಠದ ಪರೀಕ್ಷೆ ಹತ್ತಿರ ಬಂದಾಗ ಪ್ರಶಿಕ್ಷಣಾರ್ಥಿಗಳು ಸಿದ್ಧ ಮಾದರಿಗಳನ್ನು ಹಣ ಕೊಟ್ಟು ತರುವುದೂ ಇದರಿಂದಲೇ. ಅವು ಪರೀಕ್ಷೆಯ ಮರುದಿನ ಅಟ್ಟ ಸೇರುತ್ತವೆ.

ನನ್ನ ಬೇಡಿಕೆ ದೊಡ್ಡದಲ್ಲ. ಆ ಒಂದು ಸಾಲನ್ನು ಎರಡು ಸಾಲು ಮಾಡಿ. ಮೊದಲನೆಯದು ಈಗಿನಂತೆಯೇ ಇರಲಿ. ಎರಡನೆಯದರಲ್ಲಿ, ಪಾಠದ ಮೊದಲು ಮಕ್ಕಳು ಏನು ಅಂದುಕೊಂಡಿದ್ದರು, ಉಪಕರಣ ಬಳಸಿದ ಮೇಲೆ ಏನೆಂದರು ಎಂಬುದನ್ನು ಮಕ್ಕಳ ಮಾತಿನಲ್ಲೇ ಎರಡು ವಾಕ್ಯ ಬರೆಸಿ, ಅದಕ್ಕೆ ಅಂಕ ಕೊಡಿ. ಉಪಕರಣವನ್ನು ಅದೇ ಶಾಲೆಗೆ ಬಿಟ್ಟುಬಂದರೆ ಇನ್ನೊಂದು ಅಂಕ ಸೇರಿಸಿದರೂ ತಪ್ಪಿಲ್ಲ. ನಾನು ಕಟ್ಟಿದ ತೊಟ್ಟಿ ಸದ್ಯ ಆ ಶಾಲೆಯ ವಿಜ್ಞಾನ ಕೋಣೆಯಲ್ಲಿದೆ. ಉಪ್ಪುನೀರು ಚೆಲ್ಲಿ ತೊಳೆದಿಟ್ಟಿದ್ದೇವೆ, ಕನೆಕ್ಟರಿನ ವಾಷರ್ ಸ್ವಲ್ಪ ಸೋರುತ್ತದೆ. ಮುಂದಿನ ತಂಡದವರು ಹೋಗುವಾಗ ಅರ್ಧ ಇಂಚಿನದೊಂದು ವಾಷರ್ ಒಯ್ಯಬೇಕು.