ನರವೈವಿಧ್ಯ, ಆತ್ಮಸ್ವೀಕಾರ ಮತ್ತು ಕನ್ನಡ ತರಗತಿ

ತರೀಕೆರೆಯ ಕೆರೆ ಏರಿಯನ್ನೂ ಅದರ ಮೇಲಿನ ಕರಿ ಕುರಿಮರಿಗಳನ್ನೂ ಕುರಿತ ನಾಲಿಗೆ ತೊಡರಿಸುವ ಮಾತು ಕನ್ನಡದ ಮಕ್ಕಳಿಗೆ ಚಿರಪರಿಚಿತ. ಅದನ್ನು ಬೇಗಬೇಗನೆ ಹೇಳಹೊರಟವರೆಲ್ಲ ತಡವರಿಸುತ್ತಾರೆ. ರಕಾರ ಕಕಾರಗಳು ಸ್ಥಾನ ಬದಲಿಸುತ್ತವೆ. ನಕ್ಕವರೂ ಮರುಗಳಿಗೆ ತಾವೇ ತಡವರಿಸುತ್ತಾರೆ. ಎಡವುವುದು ಆಟದ ನಿಯಮದಲ್ಲಿಯೇ ಸೇರಿರುವುದರಿಂದ ಅಲ್ಲಿ ಯಾರೂ ದಡ್ಡರೆನಿಸುವುದಿಲ್ಲ. ಆದರೆ ತರೀಕೆರೆ, ಕಡೂರು, ಅಜ್ಜಂಪುರಗಳ ಪದವಿ ತರಗತಿಯಲ್ಲಿ ಪಠ್ಯವನ್ನು ಗಟ್ಟಿಯಾಗಿ ಓದಲು ಎದ್ದುನಿಂತ ವಿದ್ಯಾರ್ಥಿನಿಯ ಅಕ್ಷರಗಳು ಹೀಗೆಯೇ ಪಲ್ಲಟಗೊಂಡರೆ ಆಕೆಗೆ ದೊರೆಯುವ ಹೆಸರುಗಳು ಬೇರೆ: ದಡ್ಡಿ, ಸೋಮಾರಿ, ಗಮನವಿಲ್ಲದವಳು. ಶಾಲೆಯ ಮೊದಲ ವರ್ಷಗಳಿಂದ ಕೇಳಿದ ಈ ಹೆಸರುಗಳನ್ನೇ ಆಕೆ ತನ್ನ ಸ್ವರೂಪವೆಂದು ನಂಬಿ ವಿಶ್ವವಿದ್ಯಾಲಯದವರೆಗೆ ಹೊತ್ತು ತರುತ್ತಾಳೆ.

ಡಿಸ್ಲೆಕ್ಸಿಯಾ, ಆಟಿಸಂ, ಎಡಿಎಚ್‌ಡಿ ಮೊದಲಾದವನ್ನು ಕೇವಲ ರೋಗಗಳೆಂದು ಕಾಣದೆ ಮನುಷ್ಯ ಮಿದುಳಿನ ಸಹಜ ಭಿನ್ನತೆಗಳೆಂದು ಪರಿಗಣಿಸುವ ನ್ಯೂರೋಡೈವರ್ಸಿಟಿ ಪರಿಕಲ್ಪನೆ 1990ರ ದಶಕದ ಕೊನೆಯಲ್ಲಿ ರೂಪುಗೊಂಡಿತು. ಅದನ್ನು ಕನ್ನಡದಲ್ಲಿ ನರವೈವಿಧ್ಯ ಎನ್ನಬಹುದು. ಈ ಚಿಂತನೆಯ ಜೊತೆಯಲ್ಲಿಯೇ ಬಂದ ಇನ್ನೊಂದು ಮಾತು ಆತ್ಮಸ್ವೀಕಾರ. ಆದರೆ ಆತ್ಮಸ್ವೀಕಾರವನ್ನು ವಿದ್ಯಾರ್ಥಿಯ ಖಾಸಗಿ ಮನೋಬಲವೆಂದು ಬಗೆದು ಉಪದೇಶಿಸುವುದು ಸುಲಭ. ಅದಕ್ಕೆ ಅಗತ್ಯವಾದ ಭಾಷೆಯನ್ನೂ ಪರೀಕ್ಷಾ ಕ್ರಮವನ್ನೂ ಒದಗಿಸುವುದು ಕಷ್ಟ. ತನ್ನನ್ನು ತಾನು ಒಪ್ಪಿಕೊಳ್ಳಬೇಕಾದವರಿಗೆ, ಒಪ್ಪಿಕೊಳ್ಳಬೇಕಾದದ್ದು ಏನೆಂಬುದಕ್ಕೆ ಒಂದು ಹೆಸರು ಬೇಕು. ಬೈಗುಳವನ್ನು ಬಿಟ್ಟರೆ ಕನ್ನಡದಲ್ಲಿ ಇಂದು ಚಾಲ್ತಿಯಲ್ಲಿರುವ ಪಾರಿಭಾಷಿಕವೆಂದರೆ ‘ಕಲಿಕಾ ನ್ಯೂನತೆ’. ಕೊರತೆಯನ್ನು ತನ್ನ ಒಡಲಲ್ಲಿಯೇ ಇಟ್ಟುಕೊಂಡ ಈ ಪದ ಆತ್ಮಸ್ವೀಕಾರಕ್ಕೆ ಒದಗದು. ಪದರಚನೆಯನ್ನು ತನ್ನ ಹೊಣೆಯೆಂದು ತಿಳಿದಿರುವ ಕನ್ನಡ ವಿಭಾಗಗಳು ಈ ಕ್ಷೇತ್ರವನ್ನು ಮನೋವೈದ್ಯರಿಗೆ ಬಿಟ್ಟುಕೊಟ್ಟು ಸುಮ್ಮನಿರುವುದು ಸಮರ್ಥನೀಯವಲ್ಲ.

ಸಮಸ್ಯೆಗೆ ಲಿಪಿಯ ಆಯಾಮವೂ ಇದೆ. ಡಿಸ್ಲೆಕ್ಸಿಯಾ ಕುರಿತ ತಿಳಿವಳಿಕೆಯ ಬಹುಪಾಲು ಇಂಗ್ಲಿಷ್ ಓದಿನ ಅಧ್ಯಯನದಿಂದ ಬಂದದ್ದು. ಕನ್ನಡದ ಕಲಿಕೆ ಇಪ್ಪತ್ತಾರು ಅಕ್ಷರಗಳಿಗೆ ಮುಗಿಯುವುದಿಲ್ಲ. ಕಾಗುಣಿತ, ಒತ್ತಕ್ಷರಗಳು ಸೇರಿ ಕಲಿಯಬೇಕಾದ ಆಕಾರಗಳು ನೂರಾರು. ಕನ್ನಡ ಮಕ್ಕಳ ಆರಂಭಿಕ ಓದನ್ನು ಕುರಿತು ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಅಕ್ಷರಜ್ಞಾನ ಒಂದೆರಡು ತರಗತಿಗಳಲ್ಲಿ ಪೂರ್ಣಗೊಳ್ಳದೆ ಮುಂದಿನ ವರ್ಷಗಳಿಗೂ ಚಾಚಿಕೊಳ್ಳುವುದನ್ನು ತೋರಿಸಿತು. ಎಲ್ಲ ಮಕ್ಕಳಿಗೂ ದೀರ್ಘವಾದ ಈ ದಾರಿ ಕೆಲವರಿಗೆ ಮತ್ತಷ್ಟು ದೀರ್ಘ. ಅದು ಪದವಿ ತರಗತಿಗೂ ಮುಂದುವರಿದಿದ್ದರೆ ಅದನ್ನು ಅಸಡ್ಡೆಯೆಂದು ನಿರ್ಣಯಿಸುವ ಮೊದಲು ಅಧ್ಯಾಪಕರು ಯೋಚಿಸಬೇಕಾಗುತ್ತದೆ.

ಇಲ್ಲಿ ಕನ್ನಡ ವಿದ್ವತ್ತಿನ ಒಂದು ವೈರುಧ್ಯ ಎದ್ದು ಕಾಣುತ್ತದೆ. ಗ್ರಂಥಸಂಪಾದನಾ ಶಾಸ್ತ್ರವು ಲಿಪಿಕಾರನ ಸ್ಖಾಲಿತ್ಯಗಳನ್ನು ಅಕ್ಷರಲೋಪ, ಅಕ್ಷರಪಲ್ಲಟ, ಪುನರಾವೃತ್ತಿ ಎಂದು ತಾಳ್ಮೆಯಿಂದ ವಿಂಗಡಿಸುತ್ತದೆ. ಕಣ್ಣು ಹೇಗೆ ಜಾರಿತು, ಕೈ ಹೇಗೆ ತಪ್ಪಿತು ಎಂಬುದನ್ನು ಊಹಿಸಿ, ಸ್ಖಾಲಿತ್ಯದ ಆಚೆಗಿನ ಅರ್ಥವನ್ನು ಕಾಣಲು ಯತ್ನಿಸುತ್ತದೆ. ತಾಳೆಗರಿಯ ಲಿಪಿಕಾರನಿಗೆ ಸಲ್ಲುವ ಈ ತಾಳ್ಮೆ ಉತ್ತರ ಪತ್ರಿಕೆಯ ವಿದ್ಯಾರ್ಥಿಗೆ ಸಲ್ಲುವುದಿಲ್ಲ. ಅವೇ ಸ್ಖಾಲಿತ್ಯಗಳು ಅಲ್ಲಿ ಕೆಂಪು ಶಾಯಿಗಷ್ಟೇ ವಸ್ತುವಾಗುತ್ತವೆ.

ಈ ಸೀಮೆಯ ಪರಂಪರೆಯಾದರೂ ಕಣ್ಣಿನ ಓದೊಂದನ್ನೇ ಸಾಹಿತ್ಯದ ಬಾಗಿಲೆಂದು ತಿಳಿದಿರಲಿಲ್ಲ. ಕಡೂರು ತಾಲ್ಲೂಕಿನ ದೇವನೂರಿನವನೆಂದು ಬಹುಮಂದಿ ವಿದ್ವಾಂಸರು ಒಪ್ಪಿರುವ ಲಕ್ಷ್ಮೀಶನ ‘ಜೈಮಿನಿ ಭಾರತ’ ತಲೆಮಾರುಗಳ ಕಾಲ ಬದುಕಿದ್ದು ಗಮಕದಲ್ಲಿ. ಒಬ್ಬರು ವಾಚಿಸಿದರು, ಇನ್ನೊಬ್ಬರು ವ್ಯಾಖ್ಯಾನಿಸಿದರು, ಊರು ಕೇಳಿತು. ಕೇಳಿ ಅರಿತವರ ರಸಿಕತೆಯನ್ನು ಯಾರೂ ಪ್ರಶ್ನಿಸಲಿಲ್ಲ. ಅದೇ ವಾರ್ಧಕ ಷಟ್ಪದಿಯನ್ನು ಕಿವಿಯಿಂದ ಗ್ರಹಿಸಿ ಬಾಯಲ್ಲಿ ವಿವರಿಸಬಲ್ಲ ವಿದ್ಯಾರ್ಥಿ ಇಂದು ಬರೆವಣಿಗೆಯೊಂದರಿಂದಲೇ ಅನುತ್ತೀರ್ಣನಾಗುತ್ತಾನೆ.

ಕಾನೂನು ಈ ದಿಸೆಯಲ್ಲಿ ವಿಭಾಗಗಳಿಗಿಂತ ಮುಂದಿದೆ. 1995ರ ಅಂಗವಿಕಲರ ಕಾಯಿದೆ ಗುರುತಿಸಿದ್ದು 7 ಸ್ಥಿತಿಗಳನ್ನು. ಅವುಗಳಲ್ಲಿ ಆಟಿಸಂ ಆಗಲಿ ಕಲಿಕೆಯ ತೊಡಕಾಗಲಿ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಸ್ಥಿತಿಗಳನ್ನು ಪಟ್ಟಿಮಾಡಿ ಇವೆರಡನ್ನೂ ಸೇರಿಸಿತು. ಎಡಿಎಚ್‌ಡಿಗೆ ಮಾತ್ರ ಪ್ರತ್ಯೇಕ ಸ್ಥಾನ ದೊರೆಯಲಿಲ್ಲ. ಲಿಪಿಕಾರರ ನೆರವು ಪಡೆಯುವವರಿಗೆ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷದ ಹೆಚ್ಚುವರಿ ಕಾಲವನ್ನು 2018ರ ಕೇಂದ್ರ ಮಾರ್ಗಸೂಚಿ ಗೊತ್ತುಪಡಿಸಿತು. 2021ರ ವಿಕಾಶ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಶೇ. 40ರ ಮಾನದಂಡ ತಲುಪದವರಿಗೂ ಬರೆಯುವ ತೊಡಕಿದ್ದರೆ ಲಿಪಿಕಾರರ ನೆರವನ್ನು ನಿರಾಕರಿಸಲಾಗದೆಂದು ಹೇಳಿತು.

ಆದರೆ ಹಕ್ಕಿಗೂ ವಿದ್ಯಾರ್ಥಿಗೂ ನಡುವೆ ಪ್ರಮಾಣಪತ್ರವಿದೆ. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರುಗಳಲ್ಲಿ ಆ ಕಾಗದಕ್ಕೆ ಅಂಜುವ ಕುಟುಂಬಗಳಿವೆ. ಮಗಳ ಮದುವೆ, ಮಗನ ನೌಕರಿಗಳ ಚಿಂತೆ ಅದರ ಹಿಂದಿದೆ. ಈ ಅಂಜಿಕೆಯನ್ನು ಅಜ್ಞಾನವೆಂದು ಹಳಿಯುವುದು ತರವಲ್ಲ. ಆತ್ಮಸ್ವೀಕಾರವೆಂದರೆ ಸಾರ್ವಜನಿಕ ಘೋಷಣೆಯಲ್ಲ. ತನ್ನ ಭಿನ್ನತೆಯನ್ನು ತಾನು ಅರಿತು, ಯಾರಿಗೂ ಹೇಳದೆ ಇರುವ ಸ್ವಾತಂತ್ರ್ಯವೂ ಅದರೊಳಗಿದೆ. ಆದ್ದರಿಂದ ವಿಭಾಗಗಳು ಪ್ರಮಾಣಪತ್ರ ಕೇಳದೆಯೇ ಮಾಡಬಹುದಾದ ಕೆಲಸಗಳಿಗೆ ಆದ್ಯತೆಯಿದೆ: ಬಯಸದವರನ್ನು ಗಟ್ಟಿಯಾಗಿ ಓದಿಸದಿರುವುದು, ಪಠ್ಯಗಳ ಧ್ವನಿಮುದ್ರಣ ಒದಗಿಸುವುದು, ಆಂತರಿಕ ಮೌಲ್ಯಮಾಪನದಲ್ಲಿ ಮೌಖಿಕ ಉತ್ತರಕ್ಕೂ ಅವಕಾಶ ಕೊಡುವುದು, ವಿಷಯಗ್ರಹಣದ ಅಂಕವನ್ನು ಕಾಗುಣಿತದ ಅಂಕದಿಂದ ಬೇರ್ಪಡಿಸುವುದು.

ಇದರಿಂದ ಭಾಷಾಶುದ್ಧಿಗೆ ಧಕ್ಕೆಯಾದೀತೆಂಬ ಆಕ್ಷೇಪ ಸಹಜವಾದದ್ದು. ಕಾಗುಣಿತವನ್ನು ಕಲಿಸುವ ಹೊಣೆ ಇದರಿಂದ ಕಳಚುವುದಿಲ್ಲ. ಕಾಗುಣಿತ ತಪ್ಪಿದವರಿಗೆ ಕಾವ್ಯವೂ ತಪ್ಪಿಹೋಗಬೇಕೆಂಬ ಶಿಕ್ಷೆ ಮಾತ್ರ ರದ್ದಾಗುತ್ತದೆ. ನರವೈವಿಧ್ಯವನ್ನು ವರವೆಂದು ವೈಭವೀಕರಿಸಬೇಕಾಗಿಯೂ ಇಲ್ಲ. ಅದರ ದಣಿವು ನಿಜವಾದದ್ದು. ಆ ದಣಿವಿಗೆ ಅವಮಾನವೂ ಕೂಡಿಕೊಳ್ಳದಂತೆ ನೋಡಿಕೊಳ್ಳುವುದು ಅಧ್ಯಾಪಕರ ಕೈಯಲ್ಲಿದೆ. ತರಗತಿ ಒಪ್ಪಿಕೊಳ್ಳದ ವಿದ್ಯಾರ್ಥಿಗೆ ತನ್ನನ್ನು ತಾನು ಒಪ್ಪಿಕೊ ಎಂದು ಹೇಳುವ ನೈತಿಕ ಅಧಿಕಾರ ಆ ತರಗತಿಗೆ ಇರುವುದಿಲ್ಲ.