ಕೆಲಸ ಕೊಡಿಸಿದರೆ ಸಾಲದು, ಕೈ ಹಿಡಿದು ಕಲಿಸಿ!

ಕನ್ನಡದ ತರುಣ ಗೆಳೆಯರೇ,

ಯಾದಗಿರಿ, ಶಹಾಪುರ, ಸುರಪುರದ ಹುಡುಗ ಹುಡುಗಿಯರು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಬರುತ್ತಾರೆ. ನಿಮ್ಮದೇ ಕಾರ್ಖಾನೆಗೆ, ನಿಮ್ಮದೇ ಆಫೀಸಿಗೆ ಸೇರುತ್ತಾರೆ. ವರ್ಷಗಳು ಉರುಳಿದರೂ ಎಷ್ಟೋ ಮಂದಿ ಹೆಲ್ಪರ್ ಆಗಿಯೇ ಉಳಿಯುತ್ತಾರೆ. ಯಾಕೆ? ದಡ್ಡರೇ? ಅಲ್ಲ! ಕಲಿಸುವವರಿಲ್ಲ.

ನಾನು ಪ್ರೆಸ್ಸು ನಡೆಸುವವನು, ಓದಿದ್ದು ಪಿಯುಸಿ. ಮೊಳೆ ಜೋಡಿಸುವುದನ್ನು ನನಗೆ ಪುಸ್ತಕ ಕಲಿಸಲಿಲ್ಲ. ಪಕ್ಕದಲ್ಲಿ ನಿಂತ ಹಿರಿಯರು ಕಲಿಸಿದರು. ನಮ್ಮ ಕಡೆ ಗ್ಯಾರೇಜಿನ ಹುಡುಗನಿಗೂ ಒಬ್ಬ ಉಸ್ತಾದ ಇರುತ್ತಾನೆ. ನಗರದ ಕಂಪನಿಯಲ್ಲಿ ಅವನಿಗೆ ಯಾರಿದ್ದಾರೆ?

2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 371ಜೆ ಸೇರಿತು. ನಮ್ಮ ಭಾಗದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಮೀಸಲು ಸಿಕ್ಕಿತು. ಖಾಸಗಿ ಕಾರ್ಖಾನೆಗೆ ಅದು ತಟ್ಟದು. ಅಲ್ಲಿ ಹಿಡಿದು ಕೇಳಬೇಕಾದದ್ದು 1961ರ ಅಪ್ರೆಂಟಿಸ್ ಕಾಯ್ದೆ. 30 ಅಥವಾ ಹೆಚ್ಚು ಕೆಲಸಗಾರರಿದ್ದರೆ ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ಲಿಖಿತ ಕರಾರು, ಸ್ಟೈಪೆಂಡು ಕೊಡಲೇಬೇಕು. ಆದರೆ ಕಾಯ್ದೆ ಕರಾರು ಬರೆಸೀತು. ಕಸುಬಿನ ಗುಟ್ಟು ಕಲಿಸೀತೇ?

ಅದು ನಿಮ್ಮ ಕೆಲಸ! ಪರಭಾಷಿಕ ಮೇಲಧಿಕಾರಿ ತನ್ನವರನ್ನೇ ಬೆಳೆಸುತ್ತಾನೆಂದು ಗೊಣಗುತ್ತೀರಿ. ನೀವು ಎಷ್ಟು ಜನರನ್ನು ಬೆಳೆಸಿದ್ದೀರಿ? ಒಬ್ಬೊಬ್ಬರು ಒಬ್ಬ ಹೊಸಬನನ್ನು ಆರಿಸಿಕೊಳ್ಳಿ. ಮೆಷಿನ್ನು ಬಿಚ್ಚಿ ತೋರಿಸಿ, ಡ್ರಾಯಿಂಗ್ ಓದಲು ಕಲಿಸಿ, ಬಡ್ತಿಗೆ ಏನು ಬೇಕೆಂದು ಕನ್ನಡದಲ್ಲೇ ಹೇಳಿ. ಅವನ ಯಾದಗಿರಿ ಮಾತಿಗೆ ನಗಬೇಡಿ, ಅದೂ ಕನ್ನಡವೇ!

ನವೆಂಬರಿನಲ್ಲಿ ಬಾವುಟ ಹಿಡಿಯುವ ಕೈ, ವರ್ಷವಿಡೀ ಒಬ್ಬ ಹೊಸಬನ ಕೈ ಹಿಡಿಯಲಿ.