ಸಂದರ್ಶನ ಕಲಬುರಗಿಗೂ ಬರಲಿ

ಕಲಬುರಗಿಯಿಂದ ಬೆಂಗಳೂರಿಗೆ ಎಷ್ಟು ದೂರ ಎಂದರೆ ಮೊಬೈಲ್ ಮ್ಯಾಪ್ ಸುಮಾರು 600 ಕಿ.ಮೀ. ಎನ್ನುತ್ತದೆ. ಕೆಲಸ ಹುಡುಕಿಕೊಂಡು ಬರುವವರಿಗೆ ಈ ಸಂಖ್ಯೆಯಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಬೆಳಿಗ್ಗೆ 10ಕ್ಕೆ ಸಂದರ್ಶನವಿದ್ದರೆ ಮನೆ ಬಿಡುವುದು ಯಾವಾಗ, ರಾತ್ರಿ ಕಳೆಯುವುದು ಎಲ್ಲಿ, ಮರಳುವುದು ಹೇಗೆ ಎಂಬುದೇ ಅವರ ಲೆಕ್ಕ.

2024ರ ಮಾರ್ಚ್‌ನಲ್ಲಿ ಈ ಎರಡು ನಗರಗಳ ನಡುವೆ ವಂದೇ ಭಾರತ್ ರೈಲು ಆರಂಭವಾಯಿತು. ರಾಯಚೂರು ದಾಟಿ, ಆಂಧ್ರದ ಗುಂತಕಲ್, ಅನಂತಪುರದ ಮೂಲಕ ಬರುವ ಈ ರೈಲಿನ ಪ್ರಯಾಣ ಸುಮಾರು ಎಂಟೂಮುಕ್ಕಾಲು ಗಂಟೆ. ಸಂತೋಷದ ವಿಷಯವೇ. ಆದರೆ ಬೆಳಗಿನ ಜಾವ ಹೊರಟದ್ದು ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ ತಲುಪುವುದು ಮಧ್ಯಾಹ್ನ 2ರ ಹೊತ್ತಿಗೆ. ಬೆಳಗಿನ ಸಂದರ್ಶನಕ್ಕೆ ಅದು ಒದಗುವುದಿಲ್ಲ; ಹಿಂದಿನ ದಿನವೇ ಬಂದು ರೂಮು ಮಾಡಬೇಕು. ಆ ಖರ್ಚು ತಪ್ಪಿಸಲು ಅನೇಕರು ರಾತ್ರಿ ಬಸ್ಸನ್ನೋ ರಾತ್ರಿ ರೈಲನ್ನೋ ಹಿಡಿಯುತ್ತಾರೆ. ಮಗಳನ್ನು ಒಬ್ಬಳೇ ಕಳಿಸಲು ಹಿಂಜರಿಯುವ ಮನೆಗಳಲ್ಲಿ ಅವಕಾಶ ಅಲ್ಲಿಗೇ ಮುಗಿಯುತ್ತದೆ.

ನಮ್ಮ ವಿಜಯನಗರ, ಬಸವೇಶ್ವರನಗರದ ಪಿ.ಜಿ.ಗಳಲ್ಲಿ ಇಂಥ ಅಭ್ಯರ್ಥಿಗಳನ್ನು ಕಾಣುತ್ತಲೇ ಇರುತ್ತೇವೆ. ಬೆಳಿಗ್ಗೆ ಊರಿನ ಗೆಳೆಯನ ಕೋಣೆಗೆ ಬಂದು, ಸ್ನಾನ ಮುಗಿಸಿ, ಬ್ಯಾಗಿನಲ್ಲಿ ಮಡಚಿಟ್ಟ ಅಂಗಿ ತೊಟ್ಟು, ತಿಂಡಿ ಬಿಟ್ಟು ಓಡುತ್ತಾರೆ. ಕಂಪನಿ ವೈಟ್‌ಫೀಲ್ಡ್ ಕಡೆಗಿದ್ದರೆ ನೇರಳೆ ಮಾರ್ಗದ ಮೆಟ್ರೊದಲ್ಲಿ ಮತ್ತೆ ಒಂದು ಗಂಟೆಗೂ ಹೆಚ್ಚು. ರಾಜಾಜಿನಗರದ ಮನೆಯಲ್ಲಿ ನಿದ್ದೆ ಮಾಡಿ ಬಂದ ನಮ್ಮಂಥವರು ಅದೇ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿರುತ್ತೇವೆ. ಇಬ್ಬರೂ ಓದಿರುವುದು ವಿಟಿಯುವಿನ ಒಂದೇ ಸಿಲೆಬಸ್. ಸಂದರ್ಶಕರಿಗೆ ಕಾಣುವುದು ಮಾತ್ರ ಒಬ್ಬರ ಚುರುಕು, ಇನ್ನೊಬ್ಬರ ಆಯಾಸ.

ರೈಲಿನ ವೇಗ ಹೆಚ್ಚಿಸಿ ಎನ್ನುವುದು ಸರಿಯಾದ ಬೇಡಿಕೆ. ಆದರೆ ಲೆಕ್ಕ ಹಾಕಿ ನೋಡಿ. ರೈಲು ಮಾರ್ಗ ಸುಮಾರು 550 ಕಿ.ಮೀ. ಸರಾಸರಿ ವೇಗ ಗಂಟೆಗೆ ಈಗಿನ 60 ಚಿಲ್ಲರೆಯಿಂದ 80 ಕಿ.ಮೀ.ಗೆ ಏರಿದರೂ ಪ್ರಯಾಣಕ್ಕೆ ಏಳು ಗಂಟೆ ಬೇಕು. ಬೆಳಗಿನ ಸಂದರ್ಶನಕ್ಕೆ ಆಗಲೂ ರಾತ್ರಿಯೇ ಹೊರಡಬೇಕು.

ದೂರ ಕಡಿಮೆಯಾಗದಿದ್ದರೆ ಕೆಲಸವೇ ಜನರ ಬಳಿಗೆ ಹೋಗಬಹುದು. ಹೈಕೋರ್ಟ್ ಹಾಗೆಯೇ ಮಾಡಿತು. ಕಕ್ಷಿದಾರರು ಪ್ರತಿ ಪ್ರಕರಣಕ್ಕೂ ಬೆಂಗಳೂರಿಗೆ ಅಲೆಯಬೇಕಿದ್ದ ಕಾಲದಲ್ಲಿ, 2008ರಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಆರಂಭವಾದವು. 2013ರಲ್ಲಿ ಅವು ಕಾಯಂ ಆದವು. ನ್ಯಾಯಾಲಯವೇ ಹೋಗಿರುವ ಊರಿಗೆ ನೇಮಕಾತಿ ತಂಡ ಹೋಗಲಾರದೆ? ಕಲಬುರಗಿಯಲ್ಲಿ ವಿಟಿಯು ಪ್ರಾದೇಶಿಕ ಕೇಂದ್ರವಿದೆ. ಬೀದರ್, ಯಾದಗಿರಿ, ರಾಯಚೂರಿನವರಿಗೂ ಬೆಂಗಳೂರಿಗಿಂತ ಅದು ಹತ್ತಿರ. ವರ್ಷಕ್ಕೆ ಕೆಲವು ದಿನವಾದರೂ ಕೊನೆಯ ಸುತ್ತು ಅಲ್ಲಿ ನಡೆಯಲಿ.

ಅಲ್ಲಿಯವರೆಗೆ ಎರಡು ಸಣ್ಣ ಬದಲಾವಣೆ ಸಾಕು: ದೂರದಿಂದ ಬರುವವರ ಸಂದರ್ಶನ ಮಧ್ಯಾಹ್ನಕ್ಕೆ ಇಡುವುದು, ಟಿಕೆಟ್ ಸಿಗುವಂತೆ ವಾರ ಮೊದಲೇ ದಿನಾಂಕ ತಿಳಿಸುವುದು. ಇದಕ್ಕೆ ಕಂಪನಿಗಳಿಗೆ ಹೆಚ್ಚು ಖರ್ಚಿಲ್ಲ. ಕೆಲಸ ಬೇಕಾದವರು ಸಮಯ ಬದಲಿಸಿ ಎಂದು ಕೇಳಲು ಅಂಜುತ್ತಾರೆ. ಬೆಂಗಳೂರಿನ ಕಾಲೇಜುಗಳ ಪ್ಲೇಸ್‌ಮೆಂಟ್ ಸಮಿತಿಗಳಲ್ಲಿರುವ ನಾವು ಅವರ ಪರವಾಗಿ ಕೇಳಬಹುದು.